ಉಪ್ಪಿನ ಮರಿಗೆ ಮತ್ತು ಕೆಳಗಿನ ಬಂದರುಗಳು

ನಮ್ಮ ಅಡುಗೆಮನೆಯ ಮೂಲೆಯಲ್ಲಿ ಹಲಸಿನ ಮರದ ಒಂದು ಉಪ್ಪಿನ ಮರಿಗೆ ಇದೆ. ಅಜ್ಜನ ಕಾಲದ್ದು. ಒಳಮೈಯೆಲ್ಲ ಉಪ್ಪು ಕುಡಿದು ಕಪ್ಪಾಗಿದೆ. ಮಳೆಗಾಲದಲ್ಲಿ ಇಡೀ ಮರಿಗೆಯೇ ಬೆವರುತ್ತದೆ. ದಿನಬಳಕೆಗೆ ಪೊಟ್ಟಣದ ಪುಡಿ ಉಪ್ಪು ಬಂದು ಎಷ್ಟೋ ವರ್ಷವಾಯಿತು. ಆದರೆ ಅಪ್ಪೆಮಿಡಿ ಉಪ್ಪಿನಕಾಯಿಗೆ ಮಾತ್ರ ಅಪ್ಪಯ್ಯನಿಗೆ ಸಾಣಿಕಟ್ಟೆಯ ಹರಳುಪ್ಪೇ ಆಗಬೇಕು. ಈ ಸಲ ಮಾರ್ಚ್ ಮೊದಲ ವಾರದಲ್ಲಿ ಮರಿಗೆಯ ತಳ ಕಂಡಿತು. ಮಾವಿನ ಮರದಲ್ಲಿ ಮಿಡಿ ಜೋತುಬಿದ್ದಿತ್ತು. ಅಂಗಡಿಯವನಿಗೆ ಹೇಳಿ ತರಿಸುತ್ತೇನೆ ಅಂದೆ. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವೇ ಹೋಪನ ತಮ. ಒಂದ್ಸಲ ಕುಮಟೆ ಬಂದರನ್ನೂ ನೋಡ್ಕ್ಯಂಡು ಬಪ್ಪನ" ಅಂದ.

ಅಪ್ಪಯ್ಯನಿಗೆ ಈಗ 84. ಮಂಡಿ ನೋವು ಬಿಟ್ಟರೆ ಬೇರೆ ತೊಂದರೆಯಿಲ್ಲ. ಹೊರಟೆವು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ "ಕೆಳಗೆ ಹೋಗಿದ್ದೆ" ಅಂದರೆ ಸಾಕು. ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಕೆಳಗೆ ಅಂದರೆ ಕರಾವಳಿ: ಕುಮಟೆ, ಹೊನ್ನಾವರ, ಗೋಕರ್ಣ, ಅಂಕೋಲೆ. ಕೆಳಗಿನವರಿಗೆ ನಾವು ಘಟ್ಟದ ಮೇಲಿನವರು. ನಡುವೆ ಇರುವುದು ಸುಮಾರು 600 ಮೀಟರಿನ ಇಳಿಜಾರು, ಅಷ್ಟೆ. ನಾನು ಈ ದಾರಿಯಲ್ಲಿ ನೂರಾರು ಸಲ ಓಡಾಡಿದ್ದೇನೆ. ಮದುವೆಗೆ, ಉಪನಯನಕ್ಕೆ, ಗೋಕರ್ಣದಲ್ಲಿ ಅಪರಕ್ರಿಯೆಗೆ, ಮಕ್ಕಳಿಗೆ ಸಮುದ್ರ ತೋರಿಸಲಿಕ್ಕೆ. ಆ ಊರುಗಳು ಯಾಕೆ ಹುಟ್ಟಿದವು ಎಂದು ಮಾತ್ರ ಕೇಳಿಕೊಂಡಿರಲಿಲ್ಲ. ಪಕ್ಕದಲ್ಲಿ ಅಪ್ಪಯ್ಯ ಕೂತದ್ದರಿಂದ ಈ ಸಲ ಆ ಪ್ರಶ್ನೆ ತಾನಾಗಿ ಎದ್ದಿತು.

ಶಿರಸಿಯಿಂದ ಕುಮಟೆಗೆ 60 ಕಿಲೋಮೀಟರಿನ ಆಸುಪಾಸು. ಬಸ್ಸು ರಾಗಿಹೊಸಳ್ಳಿ ದಾಟುವ ಹೊತ್ತಿಗೆ ಕಿಟಕಿಯಿಂದ ಬರುವ ಗಾಳಿ ಇನ್ನೂ ತಣ್ಣಗಿತ್ತು. ದೇವಿಮನೆಯಲ್ಲಿ ಚಾಲಕ ವೇಗ ತಗ್ಗಿಸಿ ಗುಡಿಯ ಕಡೆಗೆ ಕೈಮುಗಿದ. ಅಲ್ಲಿಂದ ಇಳಿಜಾರು. ಕಿವಿ ಮುಚ್ಚಿಕೊಂಡಂತಾಗಿ, ಕತಗಾಲದ ಹತ್ತಿರ ಟಪ್ಪೆಂದು ಬಿಟ್ಟುಕೊಂಡಾಗ ಅಂಗಿಯೊಳಗೆ ಬೆವರು ಶುರು.

ಅಪ್ಪಯ್ಯ ಈ ದಾರಿಯನ್ನು ಮೊದಲು ಕಂಡದ್ದು ಎತ್ತಿನಗಾಡಿಯಲ್ಲಿ, ಹತ್ತು ವರ್ಷದ ಹುಡುಗನಾಗಿದ್ದಾಗ. ಆಗಲೇ ಲಾರಿಗಳು ಓಡುತ್ತಿದ್ದವಂತೆ. ಅಜ್ಜ ಮಾತ್ರ ಗಾಡಿ ಬಿಟ್ಟಿರಲಿಲ್ಲ. ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ, ಆರಿಸಿ ಚೀಲ ಹೊಲಿದ ಮೇಲೆ ಏಳೆಂಟು ಗಾಡಿ ಜೊತೆಯಾಗುವವರೆಗೆ ಕಾಯುವುದು. ಹುಲಿಯ ಹೆದರಿಕೆಗೆ ಒಂಟಿ ಗಾಡಿ ಘಟ್ಟ ಇಳಿಯುತ್ತಿರಲಿಲ್ಲ. ಅಡಿಕೆಯ ಮೇಲೆ ಒಂದೆರಡು ಚೀಲ ಮೆಣಸಿನಕಾಳು, ಸಣ್ಣ ಗಂಟಿನಲ್ಲಿ ಏಲಕ್ಕಿ. ಬರುವಾಗ ಉಪ್ಪು, ಬಟ್ಟೆ, ಕಬ್ಬಿಣದ ಸಾಮಾನು, ಮನೆ ಕಟ್ಟಿಸುವ ವರ್ಷವಾದರೆ ಮಂಗಳೂರು ಹಂಚು. "ಉಪ್ಪು ತಪ್ಪಲೆ ಹೋಪದು ಅಂದ್ರೆ ಮೂರು ದಿನದ ಕೆಲ್ಸ. ಮಳೆ ಹಿಡಿಯೋದ್ರೊಳಗೆ ಮರಿಗೆ ತುಂಬಿರಕ್ಕು. ಇಲ್ಲದಿದ್ರೆ ಆರು ತಿಂಗಳು ಸಪ್ಪೆ ಊಟ," ಅಂದ.

ಗಾಡಿದಾರಿಗೂ ಮೊದಲು ಹೇರೆತ್ತುಗಳ ದಾರಿ. ಬೆನ್ನ ಮೇಲೆ ಗೋಣಿ ಹೇರಿಕೊಂಡ ಎತ್ತುಗಳ ಸಾಲು ಕಾಡಿನ ಸಂದಿಯಲ್ಲಿ ಇಳಿಯುವುದು. ನಮ್ಮ ಮೂರು ತಾಲೂಕುಗಳಿಗೂ ತಮ್ಮ ತಮ್ಮ ಬಾಗಿಲುಗಳಿದ್ದವು: ಶಿರಸಿಗೆ ದೇವಿಮನೆ, ಸಿದ್ದಾಪುರಕ್ಕೆ ದೊಡ್ಮನೆ, ಯಲ್ಲಾಪುರಕ್ಕೆ ಅರಬೈಲು. ಒಂದೊಂದು ಘಟ್ಟದ ಬುಡದಲ್ಲೂ ಒಂದು ಹೊಳೆ, ಹೊಳೆಯ ಕೊನೆಗೆ ಒಂದು ಅಳಿವೆ, ಅಳಿವೆಯಲ್ಲಿ ಒಂದು ಬಂದರು.

ದೇವಿಮನೆ ರಸ್ತೆ ಈಗ ಅಗಲವಾಗುತ್ತಿದೆ. ಕಡಿದ ಗುಡ್ಡದ ಮೈ ಹಸಿಯಾಗಿ ಕೆಂಪಗೆ ಕಾಣುತ್ತದೆ. ಬೇಲೇಕೇರಿ ಬಂದರಿಗೆ ಒಳನಾಡಿನಿಂದ ಸಂಪರ್ಕ ಬೇಕೆಂದು ಸಾಗರಮಾಲಾ ಯೋಜನೆಯಲ್ಲಿ ಈ ಹೆದ್ದಾರಿಯನ್ನು ಎತ್ತಿಕೊಂಡಿದ್ದಾರೆ. ಬಂದರಿಗಾಗಿ ಘಟ್ಟ ಕಡಿಯುವುದು ಹೊಸದಲ್ಲ. ಆದರೆ ಕಡಿಯುವ ಯಂತ್ರದ ಬಲ ಹೊಸದು, ಅದರ ಅವಸರವೂ ಹೊಸದು. ಆ ಕೆಂಪು ಗೋಡೆಗಳ ಪಕ್ಕದಲ್ಲಿ ಹೋಗುವಾಗ ನನಗೆ ಶಿರೂರು ನೆನಪಾಗದೆ ಇರುವುದಿಲ್ಲ. ಅಂಕೋಲೆಯ ಆ ಊರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿ ಬದಿಯ ಗುಡ್ಡ ಕುಸಿದು ಚಹಾದಂಗಡಿಯನ್ನೂ, ಲಾರಿಗಳನ್ನೂ, ಮನುಷ್ಯರನ್ನೂ ಗಂಗಾವಳಿಗೆ ನೂಕಿತು. ಗಂಗಾವಳಿ ಅಂದರೆ ಯಲ್ಲಾಪುರದ ಕಾಡಿನಲ್ಲಿ ಮಾಗೋಡು ಜಲಪಾತವಾಗಿ ಧುಮುಕುವ ನಮ್ಮ ಬೇಡ್ತಿಯೇ. ಕೆಳಗೆ ಇಳಿದ ಮೇಲೆ ಅದಕ್ಕೆ ಹೆಸರು ಬೇರೆ.

ಕುಮಟೆಯಲ್ಲಿ ಮೊದಲು ಹೋದದ್ದು ಹೆಡ್ ಬಂದರಕ್ಕೆ. ಅಪ್ಪಯ್ಯ ರಿಕ್ಷಾದಿಂದ ಇಳಿದು ಕೋಲೂರಿ ನಿಂತು ಬಹಳ ಹೊತ್ತು ನೋಡಿದ. ಅಳಿವೆಯಲ್ಲಿ ಮೀನಿನ ದೋಣಿಗಳು ಓರೆಯಾಗಿ ಮಲಗಿದ್ದವು. ನೀಲಿ ಬಲೆಗಳ ರಾಶಿ. ಮರಳ ಮೇಲೆ ಒಣಮೀನು ಹರವಿದ ಹೆಂಗಸು ಕಾಗೆ ಓಡಿಸುತ್ತಿದ್ದಳು. "ಎಲ್ಲಾತ್ರಾ ಹೆಗಡೇರೆ, ಘಟ್ಟದ್ ಮೇಲಾ?" ಎಂದು ಅವಳೇ ಮಾತಾಡಿಸಿದಳು. ಹೌದು, ಬಂದರು ನೋಡಲು ಬಂದೆವು ಅಂದೆ. "ಇದೇಯಾ ಬಂದರು" ಎಂದು ಕೈ ತೋರಿಸಿದಳು.

ಅಪ್ಪಯ್ಯನ ಕಣ್ಣಲ್ಲಿ ಇದ್ದ ಬಂದರು ಬೇರೆ. ಅಲ್ಲಿ ಪತ್ತೆಮಾರಿಗಳು, ಮಚವೆಗಳು, ದಲಾಲಿ ಅಂಗಡಿಯ ಗುಮಾಸ್ತರು, ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದು ನಿಂತ ಅಜ್ಜ. ಕುಮಟೆಯ ದರವೇ ದರ. ಅದು ಏರಿದರೆ ನಮ್ಮ ಊರಿನಲ್ಲಿ ಮದುವೆ ನಿಶ್ಚಯವಾಗುತ್ತಿತ್ತು, ಇಳಿದರೆ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿದ್ದು ಅಡಿಕೆಗೆ ದರ ಹೇಳುವ ಮಾತು ಬೆಳೆದವನ ಕೈಗೂ ಬರಲಿ ಎಂದೇ. ಸಂಘ ಬಲಿತಂತೆ ಅಡಿಕೆ ಮಾರಲು ಘಟ್ಟ ಇಳಿಯುವ ಅಗತ್ಯ ಕಡಿಮೆಯಾಯಿತು. ಬೆಳೆಗಾರನಿಗೆ ಒಳ್ಳೆಯದೇ ಆಯಿತು. ಕೆಳಗಿನ ಊರುಗಳ ಜೊತೆಗಿನ ನಮ್ಮ ದಿನನಿತ್ಯದ ನಂಟು ಸಡಿಲಾದದ್ದೂ ಆಗಲೇ ಇರಬೇಕು.

ಕುಮಟೆಯ ಹೆಸರು ಜಗತ್ತಿನ ಪೇಟೆಯಲ್ಲಿ ಕೇಳಿದ್ದು ಅಡಿಕೆಯಿಂದಲ್ಲ, ಹತ್ತಿಯಿಂದ. ಧಾರವಾಡದ ಕಪ್ಪು ನೆಲದಲ್ಲಿ ಬೆಳೆದ ಜವಾರಿ ಹತ್ತಿ ಸಾಲುಗಾಡಿಗಳಲ್ಲಿ ಘಟ್ಟ ಇಳಿದು ಇಲ್ಲಿ ಹಡಗು ಹತ್ತುತ್ತಿತ್ತು. ಹತ್ತಿದ ಜಾಗದ ಹೆಸರೇ ಅದಕ್ಕೆ ನಿಂತು, ಮುಂಬೈಯಲ್ಲೂ ಇಂಗ್ಲೆಂಡಿನಲ್ಲೂ ಅದು "ಕುಮಟಾ ಹತ್ತಿ" ಆಯಿತು. ಕುಮಟೆಯಲ್ಲಿ ಹತ್ತಿಯ ಒಂದು ಹೊಲವೂ ಇಲ್ಲ! 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ನಿಂತುಹೋಗಿ ಮ್ಯಾಂಚೆಸ್ಟರಿನ ಗಿರಣಿಗಳು ಈ ಕಡೆ ಕಣ್ಣು ನೆಟ್ಟವು. ಹತ್ತಿ ಬೆಳೆಯುವ ಧಾರವಾಡ ಮುಂಬೈ ಪ್ರಾಂತ್ಯದಲ್ಲಿ, ಹತ್ತಿ ಇಳಿಯುವ ಕರಾವಳಿ ಮದ್ರಾಸ್ ಪ್ರಾಂತ್ಯದಲ್ಲಿ. ರಸ್ತೆಗೆ, ಬಂದರಿಗೆ ಹಣ ಯಾರು ಹಾಕಬೇಕು? ಆ ಜಗ್ಗಾಟದ ಕೊನೆಗೆ 1862ರಲ್ಲಿ ನಮ್ಮ ಉತ್ತರ ಕನ್ನಡವನ್ನೇ ಮದ್ರಾಸಿನಿಂದ ಎತ್ತಿ ಮುಂಬೈಗೆ ಸೇರಿಸಿದರು. ಅಪ್ಪಯ್ಯ ಇವತ್ತಿಗೂ ತಾನು ಓದಿದ್ದು "ಏಳನೇ ಇಯತ್ತೆ" ಅನ್ನುತ್ತಾನೆ. ದಕ್ಷಿಣ ಕನ್ನಡದವರ ಬಾಯಲ್ಲಿ ಈ ಮಾತಿಲ್ಲ. ಮುಂಬೈ ಪ್ರಾಂತ್ಯದ ಶಾಲೆಗಳ ಜೊತೆ ಬಂದ ಮಾತು ಅದು. ಬೆನ್ನು ಹಿಡಿದು ಹೋದರೆ ಹತ್ತಿಯ ಗಾಡಿಯವರೆಗೆ ಮುಟ್ಟುತ್ತದೆ.

ಆ ಹತ್ತಿಯ ಗಾಡಿಗಳನ್ನು ನಿಲ್ಲಿಸಿದ್ದು ರೈಲು. 1880ರ ದಶಕದ ಕೊನೆಗೆ ಹುಬ್ಬಳ್ಳಿಯಿಂದ ಲೋಂಡಾ ಮೇಲೆ ಮಾರ್ಮಗೋವಾಕ್ಕೆ ಹಳಿ ಬಿತ್ತು. ಹತ್ತಿ ಆ ಕಡೆ ಹೊರಳಿತು. ಬಂದರು ಬಡವಾಗಲು ಕಡಲು ಉಕ್ಕಿ ಬರಬೇಕೆಂದಿಲ್ಲ, ಬೆನ್ನ ಹಿಂದಿನ ದಾರಿ ತಿರುಗಿದರೆ ಆಯಿತು.

ನಮ್ಮ ತೋಟದಾಚೆಯ ಮನೆಯ ಹುಡುಗಿಯೊಬ್ಬಳು ಪೋಲೆಂಡಿನ ಗ್ದಾನ್ಸ್ಕ್‌ನಲ್ಲಿ ಓದುತ್ತಾಳೆ. ಅವಳು ಕಳಿಸಿದ ಚಿತ್ರಗಳನ್ನು ಅವಳ ಅಮ್ಮ ಊರಿಗೆಲ್ಲ ತೋರಿಸಿದ್ದಾಳೆ. ಹೊಳೆದಂಡೆಯಲ್ಲಿ ಮಧ್ಯಯುಗದ ಮರದ ದೊಡ್ಡ ಕ್ರೇನು, ವ್ಯಾಪಾರಿಗಳ ಎತ್ತರದ ಬಣ್ಣದ ಮನೆಗಳು. ಆ ಊರನ್ನು ಬೆಳೆಸಿದ್ದೂ ಬೆನ್ನ ಹಿಂದಿನ ನಾಡೇ; ವಿಸ್ತುಲಾ ನದಿಯ ಮೇಲಿನಿಂದ ತೇಲಿ ಬಂದ ಧಾನ್ಯ. 1945ರಲ್ಲಿ ಯುದ್ಧದಲ್ಲಿ ನೆಲಸಮವಾದ ಆ ಮನೆಗಳನ್ನು ಅವರು ಮತ್ತೆ ಮೊದಲಿನಂತೆ ಎಬ್ಬಿಸಿ ನಿಲ್ಲಿಸಿದರು. ಹೆಡ್ ಬಂದರದ ಮರಳಿನಲ್ಲಿ ನಿಂತು ನಾನು ಅದನ್ನೇ ನೆನೆಸುತ್ತಿದ್ದೆ. ಇಲ್ಲಿ ಯಾರೂ ಬಾಂಬು ಹಾಕಲಿಲ್ಲ. ಆದರೂ ದಲಾಲಿ ಅಂಗಡಿ ಎಲ್ಲಿತ್ತೆಂದು ಹೇಳಲು 84 ವರ್ಷದವನೊಬ್ಬನ ನೆನಪು ಬೇಕು. ಒಂದು ಕಲ್ಲಾದರೂ ನೆಟ್ಟು, ಇಲ್ಲಿಂದ ಇಂಥದ್ದು ಹೋಗುತ್ತಿತ್ತು ಎಂದು ಕನ್ನಡದಲ್ಲಿ ಬರೆದಿಡಬೇಕಿತ್ತು. ಇದು ನನ್ನ ನಿಜವಾದ ಸಂಕಟ.

ಮಧ್ಯಾಹ್ನದ ಮೇಲೆ ಹೊನ್ನಾವರ. ಶರಾವತಿಯ ಮೇಲೆ ಕೊಂಕಣ ರೈಲಿನ 2 ಕಿಲೋಮೀಟರಿಗೂ ಉದ್ದದ ಸೇತುವೆ ಬಿಸಿಲಲ್ಲಿ ಮಿನುಗುತ್ತಿತ್ತು. 1342ರ ಸುಮಾರಿಗೆ ಮೊರಾಕ್ಕೊದ ಇಬ್ನ್ ಬತೂತ ಇಲ್ಲಿಗೆ ಬಂದಿದ್ದ. ಅವನು ಎಣಿಸಿದ ಲೆಕ್ಕ ನನಗೆ ಇವತ್ತಿಗೂ ಬೆರಗು: ಈ ಊರಿನಲ್ಲಿ ಹೆಣ್ಣುಮಕ್ಕಳ 13 ಶಾಲೆ, ಗಂಡುಮಕ್ಕಳ 23 ಶಾಲೆ. ಈ ಊರಿನವರಿಗೆ ಉಳುವ ಭೂಮಿಯಿಲ್ಲ, ಕಡಲ ವ್ಯಾಪಾರವೇ ಬದುಕು ಎಂದೂ ಬರೆದ. ಅವನು ಹಡಗಿನ ಕಡೆಯಿಂದ ನೋಡಿದವನು. ಬೆಟ್ಟದ ಕಡೆಯಿಂದ ನೋಡಿದ್ದರೆ ಆ ಊರಿನ ಹೊಲಗದ್ದೆಗಳು ಘಟ್ಟದ ಮೇಲೆ ಇವೆ ಎಂದು ಬರೆಯುತ್ತಿದ್ದನೇನೋ.

ಹಾಗೆ ಎರಡೂ ಕಡೆ ನೋಡಿದವನು ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ. 1623ರಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಲ್ಲಿ ದೋಣಿ ಹತ್ತಿ, ಗೇರುಸೊಪ್ಪೆಯಲ್ಲಿ ಇಳಿದು, ಘಟ್ಟ ಏರಿದ. ಗೇರುಸೊಪ್ಪೆ ಆಗಲೇ ಪಾಳುಬಿದ್ದಿತ್ತು. ಘಟ್ಟದ ದಾರಿಯ ಒಂದು ಗುಡಿಯ ಜಗಲಿಯಲ್ಲಿ ಹುಡುಗರು ನೆಲಕ್ಕೆ ನುಣ್ಣನೆ ಮರಳು ಹರವಿ, ಬೆರಳಿನಲ್ಲಿ ಲೆಕ್ಕ ಬರೆಯುತ್ತ, ಅದನ್ನೇ ರಾಗವಾಗಿ ಒಟ್ಟಿಗೆ ಹೇಳಿಕೊಳ್ಳುತ್ತಿದ್ದುದನ್ನು ಕಂಡು ಅವನು ಮೆಚ್ಚಿ ಬರೆದಿಟ್ಟಿದ್ದಾನೆ. ಇದನ್ನು ಹೇಳಿದಾಗ ಅಪ್ಪಯ್ಯ ನಕ್ಕ. ಅವನ ಮಗ್ಗಿಯೂ ಹಾಗೇ ರಾಗದಲ್ಲೇ ಇದೆ. ಈಗಲೂ ಅಡಿಕೆ ಚೀಲ ಎಣಿಸುವಾಗ ಗುನುಗುತ್ತಾನೆ.

ಹೊನ್ನಾವರದ ಅಳಿವೆಯಲ್ಲಿ ಮರಳು ತುಂಬಿ ದೋಣಿಗಳು ಸಿಕ್ಕಿಕೊಳ್ಳುವುದು ಮೀನುಗಾರರ ಹಳೆಯ ಗೋಳು. ಮೇಲೆ 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಶರಾವತಿಯ ನೀರು ಟರ್ಬೈನು ಬಿಟ್ಟಷ್ಟೇ ಬರುತ್ತದೆ. ವರ್ಷವಿಡೀ ಸಿಹಿನೀರು ಇಳಿಯುವುದರಿಂದ ಅಳಿವೆಯ ಉಪ್ಪಿನಂಶ ತಗ್ಗಿ, ಚಿಪ್ಪುಗಳು ಮೊದಲಿನಂತಿಲ್ಲ. ಘಟ್ಟದ ಮೇಲೆ ಏನು ಮಾಡಿದರೂ ಅದರ ಲೆಕ್ಕ ಕೆಳಗೆ ಬರೆಸಿಕೊಳ್ಳುತ್ತದೆ.

ರಾತ್ರಿ ಕುಮಟೆಯ ನೆಂಟರ ಮನೆಯಲ್ಲಿ ಮಲಗಿ, ಬೆಳಿಗ್ಗೆ ಮಿರ್ಜಾನಿನ ಬಸ್ಸು ಹಿಡಿದೆವು. ಹೆದ್ದಾರಿ ಬದಿಯಲ್ಲಿ ಅಳ್ವೇಕೋಡಿಯ ಈರುಳ್ಳಿ ಜಡೆಯಂತೆ ಹೆಣೆದು ತೂಗುಹಾಕಿದ್ದರು. ಹಸಿಯಾಗಿ ಕಚ್ಚಿದರೂ ಸಿಹಿ ಅನ್ನಿಸುವ ಕೆಂಪು ಈರುಳ್ಳಿ. ಅದೂ ಎರಡು ಗೊಂಚಲು ನಮ್ಮ ಚೀಲ ಸೇರಿತು.

ಮಿರ್ಜಾನ್ ಕೋಟೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಅಪ್ಪಯ್ಯ ಹೇಳಿದವನು, ಬಾಗಿಲಿನ ಕೆಂಪು ಜಂಬಿಟ್ಟಿಗೆ ಕಂಡು ಹತ್ತಿಯೇ ಬಿಟ್ಟ. ಹಾವಸೆ ಹಿಡಿದ ಗೋಡೆಗಳು, ನೆಲದ ಮಟ್ಟಕ್ಕೆ ಬಾಯ್ತೆರೆದ ದೊಡ್ಡ ಬಾವಿಗಳು, ಬಾವಿಗೆ ಇಳಿಯುವ ಕತ್ತಲ ಮೆಟ್ಟಿಲು. ಆಚೆ ಅಘನಾಶಿನಿ. ಈ ಕೋಟೆಯ ಹೆಸರಿನ ಜೊತೆ ಜನ ಮೊದಲು ಹೇಳುವುದು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು. 16ನೇ ಶತಮಾನದ ನಡುವಿನಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದವಳು. ಪೋರ್ಚುಗೀಸರು ಅವಳನ್ನು ಕರೆದದ್ದು "ರೈನಾ ದ ಪಿಮೆಂಟಾ", ಮೆಣಸಿನ ರಾಣಿ. ಕಾಳುಮೆಣಸಿಗಾಗಿ ಲಿಸ್ಬನ್ನಿನಿಂದ ಆಫ್ರಿಕಾ ಸುತ್ತಿ ಬಂದವರು ಅವಳೊಡನೆ ಕಾದಿದ್ದಾರೆ, ಅವಳ ಮುಂದೆ ಒಪ್ಪಂದಕ್ಕೂ ಕೂತಿದ್ದಾರೆ. ಕೊನೆಗೆ ಅವಳನ್ನು ಸೋಲಿಸಿದ್ದು ಕಡಲಾಚೆಯವರಲ್ಲ. ಕೆಳದಿಯ ನಾಯಕರು ಮತ್ತು ಬಿಳಗಿಯ ಅರಸರು. ಬಿಳಗಿ ನಮ್ಮ ಸಿದ್ದಾಪುರ ತಾಲೂಕಿನದೇ.

ಮೆಣಸು ಬೆಳೆಯುವುದು ಮೇಲೆ, ಹಡಗು ನಿಲ್ಲುವುದು ಕೆಳಗೆ. ಒಂದನ್ನು ಹಿಡಿದವನಿಗೆ ಇನ್ನೊಂದೂ ಬೇಕು. ಶಿರಸಿ ಹತ್ತಿರದ ಸೋದೆಯ ಅರಸರು ಕಾಳಿ ನದಿಯ ಬಾಯಲ್ಲಿ, ಈಗಿನ ಕಾರವಾರದ ಎದುರು, ಸದಾಶಿವಗಡ ಕಟ್ಟಿಸಿದ್ದರ ಹಿಂದೆಯೂ ಇದೇ ಲೆಕ್ಕ ಇದ್ದಿರಬೇಕು. ಇತ್ತೀಚಿನ ಕಾಲಕ್ಕೆ ಬಂದರೆ ಬಳ್ಳಾರಿಯ ಅದಿರು. ಲಾರಿಗಳು ಯಲ್ಲಾಪುರದ ಮೇಲೆ ಅರಬೈಲು ಇಳಿದು ಬೇಲೇಕೇರಿಗೆ ಹೋಗುತ್ತಿದ್ದಾಗ ದಾರಿಬದಿಯ ಮರಗಳ ಎಲೆ ಕೆಂಪಾಗಿತ್ತು. ಮುಟ್ಟುಗೋಲು ಹಾಕಿದ ಅದಿರೂ 2010ರಲ್ಲಿ ಅದೇ ಬಂದರಿನಿಂದ ಕಾಣೆಯಾಯಿತು. ಮೆಣಸು ಪ್ರತಿ ವರ್ಷ ಬಳ್ಳಿಯಲ್ಲಿ ಮತ್ತೆ ಬರುತ್ತದೆ. ಅದಿರಿಗೆ ಅಂಥ ಬಳ್ಳಿಯಿಲ್ಲ.

ಕೋಟೆಯ ಗೋಡೆಗೊರಗಿ ಕೂತಾಗ ಅಪ್ಪಯ್ಯ ಕೇಳಿದ: "ನಮ್ಮ ತೋಟದ್ದೂ ಇಲ್ಲಿ ಬಂದಿಕ್ಕಾ?" ಗೊತ್ತಿಲ್ಲ ಅಂದೆ. ಆದರೆ ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯನ್ನು ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಸೋದೆ ಸೀಮೆಯಲ್ಲಿ ತಿರುಗುವಾಗ ನೋಡಿ ವಿವರವಾಗಿ ಬರೆದುಕೊಂಡಿದ್ದಾನೆ. ಅವನೂ ಕರಾವಳಿಯ ಈ ಊರುಗಳನ್ನು ಮುಗಿಸಿಯೇ ಘಟ್ಟ ಹತ್ತಿದ್ದು. ಅವನು ಬರೆದ ಕೆಲಸಗಳನ್ನು ನಾವು ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಮಾಡುತ್ತೇವೆ. ಅಪ್ಪಯ್ಯ ಇದನ್ನು ಕೇಳಿ ತಲೆಯಾಡಿಸಿದ, ಉತ್ತರ ಸಿಕ್ಕಿದವನಂತೆ.

ಮಾದನಗೇರಿ ದಾಟಿ ಸಾಣಿಕಟ್ಟೆಗೆ ಬಂದಾಗ ಹನ್ನೊಂದು ಗಂಟೆ. ಬಯಲಿಡೀ ಚೌಕ ಚೌಕ ಪಾತಿಗಳು. ಕೆಲವದರಲ್ಲಿ ಆಕಾಶ, ಕೆಲವದರಲ್ಲಿ ಬಿಳಿ ಹರಳು. ಭರತದ ನೀರನ್ನು ಒಳಗೆ ಬಿಟ್ಟು, ಪಾತಿಯಿಂದ ಪಾತಿಗೆ ಹಾಯಿಸಿ, ಬಿಸಿಲಿಗೆ ಬಿಟ್ಟರೆ ಕೊನೆಯ ಪಾತಿಯಲ್ಲಿ ಉಪ್ಪು ಕೂರುತ್ತದೆ. ಕೂಡಿಸಿ, ಗುಡ್ಡೆ ಹಾಕಿ, ಬುಟ್ಟಿಯಲ್ಲಿ ಹೊರುವ ಹೆಂಗಸರ ಅಂಗಾಲು ಬಿರಿದು ಬಿಳಿಚಿಕೊಂಡಿತ್ತು. ಸುತ್ತಲಿನ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ. ಉಪ್ಪುನೀರಿನಲ್ಲೂ ನಿಲ್ಲುವ ತಳಿ. ಜಂತ್ರಡಿಯ ಹಲಗೆ ಎತ್ತಿ ಇಳಿಸಿ ಉಪ್ಪುನೀರನ್ನೂ ಸಿಹಿನೀರನ್ನೂ ನಿಭಾಯಿಸುವ ಈ ಜಾಣ್ಮೆ ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲೂ ಹುಟ್ಟಿದ್ದಲ್ಲ. ಇದು ಸಾಧ್ಯವಾದದ್ದು ಅಘನಾಶಿನಿಗೆ ಅಣೆಕಟ್ಟು ಇಲ್ಲದಿರುವುದರಿಂದ.

ಇದೇ ಉಪ್ಪಿಗಾಗಿ 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಕಾನೂನು ಮುರಿದರು. ಆಮೇಲೆ ಅಂಕೋಲೆ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆ. ಹೊಲ ಮನೆ ಕಳೆದುಕೊಂಡವರು ಘಟ್ಟದ ಮೇಲೂ ಇದ್ದರು, ಕೆಳಗೂ ಇದ್ದರು. ಅಪ್ಪಯ್ಯ ಒಂದು ಹರಳು ಎತ್ತಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, "ಇದು ಉಪ್ಪು" ಅಂದ. 25 ಕಿಲೋದ ಚೀಲ ಕೊಂಡೆವು.

ಬಸ್ಸಿಗೆ ಹೊತ್ತಿತ್ತು. ರಿಕ್ಷಾದವನು ತದಡಿಗೆ ಕರೆದುಕೊಂಡು ಹೋದ. ಅಲ್ಲಿ ನದಿ ಅಗಲವಾಗಿ, ಸದ್ದಿಲ್ಲದೆ, ಕಡಲಿಗೆ ಸೇರುತ್ತದೆ. ಇಳಿತದ ಹೊತ್ತು. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಳಚು ಆರಿಸುವವರು, ಆಚೆ ದಡದ ಅಘನಾಶಿನಿ ಊರಿಗೆ ಜನರನ್ನೂ ಬೈಕುಗಳನ್ನೂ ದಾಟಿಸುವ ದೋಣಿ. ಇಲ್ಲಿ ಉಷ್ಣ ವಿದ್ಯುತ್ ಸ್ಥಾವರ ಬರುತ್ತದೆ, ದೊಡ್ಡ ಬಂದರು ಬರುತ್ತದೆ ಎಂಬ ಮಾತು ಬಂದಾಗಲೆಲ್ಲ ಕೆಳಗಿನವರ ಜೊತೆ ಶಿರಸಿ, ಸಿದ್ದಾಪುರದವರೂ ಎದ್ದು ನಿಂತಿದ್ದಾರೆ. ನಾನೂ ಒಂದೆರಡು ಸಭೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದೆ. ನೀರಿನಲ್ಲಿ ನಿಂತ ಆ ಹೆಂಗಸರನ್ನು ನೋಡಿದ ಮೇಲೆ ಇನ್ನು ಮುಂದಿನ ಸಾಲಿಗೆ ಹೋಗುತ್ತೇನೆ.

"ಇದು ಎಲ್ಲಿಂದ ಬತ್ತು ಗೊತ್ತಿದ್ದಾ?" ಎಂದು ಅಪ್ಪಯ್ಯ ಕೇಳಿದ. ಗೊತ್ತಿತ್ತು. ಶಿರಸಿ ಪೇಟೆಯ ಶಂಕರಹೊಂಡ. ನಿನ್ನೆ ಬೆಳಿಗ್ಗೆ ನಾವು ಬಸ್ಸು ಹತ್ತಿದ್ದು ಅದೇ ಪೇಟೆಯಲ್ಲಿ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ನಮ್ಮ ಸಿದ್ದಾಪುರದ ಕಾಡು ಕಣಿವೆಯಲ್ಲಿ ಹರಿದು, ಎಲ್ಲೂ ತಡೆಸಿಕೊಳ್ಳದೆ ಇಲ್ಲಿಗೆ ಬಂದಿತ್ತು. ಅಪ್ಪಯ್ಯ ಮತ್ತೇನೂ ಹೇಳಲಿಲ್ಲ. ಜಟ್ಟಿಯ ಕಲ್ಲಿನ ಮೇಲೆ ಕೂತು, ನೆಂಟರ ಮನೆಯಿಂದ ಕಟ್ಟಿಸಿಕೊಂಡು ಬಂದಿದ್ದ ಅವಲಕ್ಕಿಯ ಪೊಟ್ಟಣ ಬಿಚ್ಚಿ, ನನಗೊಂದು ಮುಷ್ಟಿ ಕೊಟ್ಟು ತಾನೂ ತಿಂದ.

ಸಂಜೆಯ ಶಿರಸಿ ಬಸ್ಸಿನಲ್ಲಿ ಕಂಡಕ್ಟರ್ ಉಪ್ಪಿನ ಚೀಲವನ್ನು ಡಿಕ್ಕಿಗೆ ಹಾಕಿ ಅಂದ. ಅಪ್ಪಯ್ಯ ಒಪ್ಪಲಿಲ್ಲ, ಸೀಟಿನ ಕೆಳಗೇ ಇಡಿಸಿಕೊಂಡ. ಕತಗಾಲ ದಾಟಿದ ಮೇಲೆ ಏರು ಶುರುವಾಯಿತು. ತಿರುವು ತಿರುವಿಗೂ ಚೀಲ ಹಿಂದಕ್ಕೆ ಜಾರುತ್ತಿತ್ತು. ದೇವಿಮನೆ ಬರುವವರೆಗೂ ಅಪ್ಪಯ್ಯ ಅದನ್ನು ಎರಡೂ ಕಾಲಿನಿಂದ ಒತ್ತಿ ಹಿಡಿದುಕೊಂಡು ಕೂತಿದ್ದ. ಗುಡಿಯ ಹತ್ತಿರ ತಣ್ಣನೆ ಗಾಳಿ ಬೀಸಿದಾಗ ಕಾಲು ಸಡಿಲಿಸಿ, "ನಾಳೆ ಮಿಡಿ ಕೊಯ್ಯಕ್ಕು," ಅಂದ.